ಇಲ್ಲದ ನಾಗರಕಲ್ಲಿಗೆ ಬಾಗಿದ ಗೋಡೆ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಏನೇ ಎಡವಟ್ಟಾದರೂ ಜನ ಪೊಲೀಸರಿಗಿಂತ ಮೊದಲು ನನ್ನ ಹೆಂಡತಿ ಪಂಕಜಳನ್ನು ಹುಡುಕಿಕೊಂಡು ಬರುತ್ತಾರೆ. ಬಹಳ ವರ್ಷ ಗಣಿತ ಕಲಿಸಿದವಳು. ತಪ್ಪು ಎಲ್ಲಿ ಹುಟ್ಟಿತೆಂದು ಗೊತ್ತಾಗುವವರೆಗೆ ಅವಳಿಗೆ ಊಟ ಸೇರುವುದಿಲ್ಲ. ಆ ಭಾನುವಾರ ನನಗೂ ಸೇರಲಿಲ್ಲ, ಬಡಿಸಿದರೆ ತಾನೇ. ಅವಳ ಹಳೆಯ ವಿದ್ಯಾರ್ಥಿನಿ ಲಾವಣ್ಯ ಕಣ್ಣು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು.

"ಮಿಸ್, ನನ್ನ ಕೆಲಸ ಹೋಯ್ತು," ಎಂದಳು.

ಮೋಹನ್‌ಬಾಬು ನಡೆಸುವ ಇಂಜಿನಿಯರಿಂಗ್ ಆಫೀಸಿನಲ್ಲಿ ಇದ್ದವರೇ ಮೂವರು: ಆತ, ಲಾವಣ್ಯ, ಮಂಡ್ಯ ಕಡೆಯ ವಿವೇಕ್. ಕೆಂಚಾರ್ಲಹಳ್ಳಿಯ ಚಿಕ್ಕವೆಂಕಟಮ್ಮನವರಿಗೆ ರೇಷ್ಮೆ ಹುಳು ಸಾಕುವ ಮನೆಯ ನಕ್ಷೆ ಮಾಡಿದವಳು ಲಾವಣ್ಯ.

"ನಮ್ಮ ಎಐ ಪ್ರತಿ ಸಲ ಹಳೇ ನಕ್ಷೆ ಹುಡುಕಿ, ಅದನ್ನೇ ಹೊಂದಿಸಿ ಕೊಡುತ್ತೆ ಮಿಸ್. ಈ ಸಲ ಪೆರೇಸಂದ್ರದ ಒಂದು ಮನೇದು ತಂತು. ಅಲ್ಲಿ ನಾಗರಕಲ್ಲಿತ್ತು ಅಂತ ಗೋಡೇನ ಒಳಕ್ಕೆ ಬಾಗಿಸಿದ್ರು. ಇಲ್ಲಿ ನಾಗರಕಲ್ಲೇ ಇಲ್ಲ. ನೆಟ್ಟಗೆ ಮಾಡಿಟ್ಟು ರಜಾ ಹಾಕಿದ್ದೆ. ಬಂದು ನೋಡಿದ್ರೆ ಪಾಯ ಬಾಗಿದೆ. ಆಫೀಸ್ ನಂಬರಿಂದ ಮೇಸ್ತ್ರಿಗೆ ಹೋಗಿರೋ ನಕ್ಷೇಲೂ ಬಾಗಿದೆ. ಸರ್ ಗಾರೆಯವರ ಮುಂದೇನೇ ಬೈದು, ನಾಳೆಯಿಂದ ಬರಬೇಡ ಅಂದ್ರು."

ವಿವೇಕನಿಗೆ ಇವಳ ಕುರ್ಚಿಯ ಮೇಲೆ ಕಣ್ಣು ಎಂದು ನಾನು ತೀರ್ಪು ಕೊಟ್ಟೆ. "ರೀ, ಸುಮ್ನಿರಿ," ಎಂದಳು ಪಂಕಜ.

ಮರುದಿನ ಪಂಕಜ ಹೇಳಿಕಳಿಸಿದ್ದಕ್ಕೆ ಮೋಹನ್‌ಬಾಬು, ವಿವೇಕ್ ಸೇರಿ ಎಲ್ಲರೂ ಕೆಂಚಾರ್ಲಹಳ್ಳಿಯಲ್ಲಿದ್ದೆವು. ಮೋಹನ್‌ಬಾಬು ದೂರದಲ್ಲಿ ಫೋನ್ ಹಿಡಿದು ಯಾರನ್ನೋ ಗದರುತ್ತಿದ್ದ. ಪಂಕಜ ಲಾವಣ್ಯಳ ನಕ್ಷೆ ಹಿಡಿದು ಪಾಯ ಅಳೆಸಿದಳು. ಉದ್ದ ಹತ್ತು ಅಡಿ ಹೆಚ್ಚಿತ್ತು.

"ನಾನೇ ಕೇಳಿದ್ದಮ್ಮ," ಎಂದರು ಚಿಕ್ಕವೆಂಕಟಮ್ಮ. "ಇನ್ನೊಂದಷ್ಟು ಹುಳ ಸಾಕಣ ಅಂತ ಆಫೀಸಿಗೆ ಫೋನ್ ಮಾಡ್ದೆ. ನಾನು ತೆಲುಗಲ್ಲಿ ಹೇಳ್ದೆ, ಯಾರೋ ಗಂಡಸು ತೆಲುಗಲ್ಲೇ ಆಗಲಿ ಅಂದ್ರು. ಟವರ್ ಸರಿಯಿಲ್ಲ, ದನಿ ಗೊತ್ತಾಗ್ಲಿಲ್ಲ." ಅಷ್ಟು ಹೇಳಿ ವಿವೇಕನತ್ತ ತಿರುಗಿ, "ಮಜ್ಜಿಗ ತಾಗುತಾವಾ ನಾಯನಾ?" ಎಂದರು.

ವಿವೇಕ್ ಲಾವಣ್ಯಳ ಮುಖ ನೋಡಿದ. "ಏನಂತಾರೆ ಇವ್ರು?"

"ಮಜ್ಜಿಗೆ ಕುಡೀತೀಯಾ ಅಂತ."

ಅವನ ಪಾಲಿನದನ್ನೂ ನಾನೇ ಕುಡಿದೆ. ಪಂಕಜ ಮೋಹನ್‌ಬಾಬುವನ್ನು ಕರೆದು ಎಲ್ಲರನ್ನೂ ಹುಣಸೆಮರದ ನೆರಳಲ್ಲಿ ಕೂರಿಸಿದಳು.

"ಲಾವಣ್ಯನ ನಕ್ಷೆ ಗಿಡ್ಡ, ನೆಟ್ಟಗಿದೆ. ಪಾಯ ಉದ್ದ, ಬಾಗಿದೆ. ಲಾವಣ್ಯನ ನಕ್ಷೇನೇ ಉದ್ದ ಮಾಡಿದ್ರೆ ಗೋಡೆ ನೆಟ್ಟಗೇ ಇರ್ತಿತ್ತು. ಯಾರೋ ಎಐನ ಮೊದಲಿಂದ ಕೇಳಿದ್ದಾರೆ, ಅದು ಮತ್ತೆ ಪೆರೇಸಂದ್ರದ್ದನ್ನೇ ತಂದಿದೆ. ಎಐಗೆ ಗೋಡೆ ಗೊತ್ತು, ಯಾಕೆ ಬಾಗಿತು ಅಂತ ಗೊತ್ತಿಲ್ಲ. ಹಂಗೆ ಕೇಳಿದೋರು ಈ ಹತ್ತು ಅಡಿ ವಿಷಯ ಗೊತ್ತಿದ್ದೋರು, ಅಂದ್ರೆ ಫೋನ್ ಎತ್ತಿದೋರು. ಅವರು ಗಂಡಸು, ತೆಲುಗು ಬರುತ್ತೆ. ಲಾವಣ್ಯ ರಜೆಯಲ್ಲಿದ್ಲು. ವಿವೇಕನಿಗೆ ಮಜ್ಜಿಗೆ ಕರೆದಿದ್ದೂ ತಿಳೀಲಿಲ್ಲ. ಉಳಿದೋರು ಒಬ್ರೇ."

ಮೋಹನ್‌ಬಾಬು ನೆಲ ನೋಡಿದ. "ಗಡಿಬಿಡೀಲಿ ನಾನೇ ಕೇಳ್ದೆ ಮೇಡಂ. ಬಂದಿದ್ದನ್ನ ತೆರೆದೂ ನೋಡದೆ ಮೇಸ್ತ್ರಿಗೆ ಕಳಿಸ್ದೆ. ಪಾಯ ಕಂಡಾಗ ಭಯ ಆಯ್ತು, ಬಾಯಿಗೆ ಇವಳ ಹೆಸರು ಬಂತು." ಆಮೇಲೆ ಸಣ್ಣ ದನಿಯಲ್ಲಿ, "ಲಾವಣ್ಯ, ನಾಳೆಯಿಂದ ಬಾರಮ್ಮ," ಎಂದ.

"ಬರ್ತೀನಿ ಸರ್. ಆದ್ರೆ ನೀವು ಬೈದಿದ್ದು ಈ ಮರದ ಕೆಳಗಲ್ಲ."

ನನಗೆ ಆ ಹುಡುಗಿಯ ಮೇಲೆ ಹೆಮ್ಮೆ ಉಕ್ಕಿತು. ಮೋಹನ್‌ಬಾಬು ಎದ್ದು ಪಾಯದ ಹತ್ತಿರ ಹೋಗಿ ಗಾರೆಯವರನ್ನೆಲ್ಲ ಕರೆದ. "ತಪ್ಪು ನಂದು. ಲಾವಣ್ಯಮ್ಮ ಮಾಡಿದ್ದೇ ಸರಿಯಾದ ನಕ್ಷೆ," ಎಂದ.

ಮೇಸ್ತ್ರಿ ಚೆನ್ನರಾಯಪ್ಪ ಗೋಡೆಗೆ ಗುರುತು ಹಿಡಿಯುವ ದಾರದ ಉಂಡೆ ಎತ್ತಿಕೊಂಡು, ಮೋಹನ್‌ಬಾಬುವನ್ನು ದಾಟಿ ಲಾವಣ್ಯಳ ಮುಂದೆ ಬಂದು ನಿಂತ.

"ಹಂಗಾದ್ರೆ ನೀವೇ ಹೇಳಮ್ಮ, ಎಲ್ಲಿಂದ ಹಿಡೀಲಿ?"