ಪಕ್ಕದ ಕುರ್ಚಿ

"ಬೇಕೂಂತಲೇ ತಪ್ಪು ನುಡಿಸಿದೆ, ಅಲ್ವಾ?"

ಬಾಗಿಲಲ್ಲೇ ನಿಂತು ಮೇಷ್ಟ್ರು ಗುಡುಗಿದಾಗ ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ನಗರದ ವಾದ್ಯವೃಂದದಲ್ಲಿ ಮೊದಲ ಹಾರ್ನ್ ಕುರ್ಚಿ ಅವರದು. ಆ ಹಿತ್ತಾಳೆಯ ವಾದ್ಯ ಊದಲು ಅರ್ಧ ಊರಿಗೆ ಕಲಿಸಿದವರೂ ಅವರೇ. ಪಾಪ, ವಯಸ್ಸಾಗುತ್ತಾ ಮೇಲಿನ ಸ್ವರಗಳಲ್ಲಿ ತುಟಿ ಕೈಕೊಡತೊಡಗಿತ್ತು. ಹಾಗಾಗಿ ಅಂದು ಆ ಕುರ್ಚಿಗೆ ಹೊಸಬರನ್ನು ಆರಿಸುವ ಪರೀಕ್ಷೆ. ನುಡಿಸುವವರು ಪರದೆಯ ಹಿಂದೆ, ಮೇಷ್ಟ್ರೂ ಸೇರಿ ಕೇಳುವವರು ಮುಂದೆ, ಹೆಸರಿಲ್ಲ, ಮುಖವಿಲ್ಲ. ಯಾರೂ ಗೆಲ್ಲದಿದ್ದರೆ ಮೇಷ್ಟ್ರೇ ಮುಂದುವರಿಯುವುದೆಂದು ತೀರ್ಮಾನವಾಗಿತ್ತು. ಮಗಳೂ ನುಡಿಸಿದ್ದಳು, ಆದರೆ ಯಾರೂ ಗೆದ್ದಿರಲಿಲ್ಲ.

"ತುಟಿ ಜಾರಿತು ಅಪ್ಪ..."

"ತುಟಿ ಜಾರಿದ್ರೆ ಸ್ವರ ಒಡೆಯುತ್ತೆ ಕಣೇ! ನಿಂದು ಒಡೀಲೇ ಇಲ್ಲ, ಪಕ್ಕದ ಸ್ವರದ ಮೇಲೆ ಹೋಗಿ ಠೀವಿಯಿಂದ ಕೂತುಬಿಡ್ತು. ಅಷ್ಟು ಚೊಕ್ಕವಾಗಿ ತಪ್ಪು ಮಾಡೋಕೆ ನಾನು ಕಲಿಸಿದವರಿಗೆ ಬಿಟ್ರೆ ಇನ್ಯಾರಿಗೆ ಬರುತ್ತೆ?"

ಅಮ್ಮನಿಗೆ ನಗು ಬಂತು. ಗಂಡನ ಮುಖ ನೋಡಿ ನುಂಗಿಕೊಂಡರು. ಮಗಳಿಗೆ ಅಳು ತಡೆಯಲಾಗಲಿಲ್ಲ.

"ಹೌದು, ಬೇಕೂಂತಲೇ ಮಾಡಿದೆ! ನಿಮ್ಮನ್ನ ಎಬ್ಬಿಸಿ ಆ ಕುರ್ಚೀಲಿ ನಾನು ಹೇಗೆ ಕೂರಲಿ? ನನ್ನಿಂದ ಆಗಲ್ಲ ಅಪ್ಪ..."

ಮೇಷ್ಟ್ರ ಸಿಟ್ಟು ಜರ್ರನೆ ಇಳಿದುಹೋಯಿತು. ಹುಚ್ಚು ಹುಡುಗಿ! ಪೆಟ್ಟಿಗೆಯಿಂದ ತಮ್ಮ ಹಾರ್ನ್ ತೆಗೆದು, ಅವಳು ತಪ್ಪಿಸಿದ್ದ ಸಾಲನ್ನೇ ನುಡಿಸಿದರು. ಮೇಲಿನ ಸ್ವರ ಬರಬೇಕಾದಲ್ಲಿ ಬರೀ ಗಾಳಿ. ಮತ್ತೆ ಊದಿದರು. ಮತ್ತೆ ಗಾಳಿಯೇ! ಅಮ್ಮ ಮುಖ ತಿರುಗಿಸಿಕೊಂಡರು.

"ನೋಡಿದ್ಯಾ? ಈ ಬಾಯಿ ಇಟ್ಕೊಂಡು ನಾನಲ್ಲಿ ಕೂತ್ರೆ ಮರ್ಯಾದೆ ಹೋಗೋದು ನಂದೇ. ಯಾರು ಗೆಲ್ಲಲಿ, ಬಿಡಲಿ, ಮೊದಲ ಕುರ್ಚಿ ಬಿಟ್ಟೆ ಅಂತ ಹೇಳಿ ಬಂದಿದ್ದೀನಿ. ನಾಳೆ ಎಲ್ಲರಿಗೂ ಮತ್ತೆ ಪರೀಕ್ಷೆ."

"ಮತ್ತೆ ನೀವು?"

"ಕೆಳಗಿನ ಸ್ವರಗಳು ಇನ್ನೂ ಗಟ್ಟಿಯಾಗಿವೆ. ಅವನ್ನ ನುಡಿಸೋ ಎರಡನೇ ಕುರ್ಚಿ ಖಾಲಿ ಇತ್ತು, ಕೇಳಿದೆ, ಕೊಟ್ರು. ನೀನು ಗೆದ್ರೆ ಮಗಳ ಪಕ್ಕ ಕೂರ್ತೀನಿ. ಇಲ್ಲಾಂದ್ರೆ ಯಾರೋ ಗುರುತು ಪರಿಚಯ ಇಲ್ಲದವನ ಪಕ್ಕ ಕೂತು ಅವನ ತಾಳಕ್ಕೆ ಕುಣೀಬೇಕು. ನಿನ್ನಿಷ್ಟ!"

"ಮನೇಲಂತೂ ಅವಳ ತಾಳಕ್ಕೇ ಕುಣಿಯೋದು," ಎಂದರು ಅಮ್ಮ. "ಅಲ್ಲೂ ಕುಣೀರಿ, ಅಭ್ಯಾಸ ಇದೆಯಲ್ಲ."

ಮಗಳು ಅಳುತ್ತಲೇ ನಕ್ಕಳು. ಮೂಗೊರೆಸಿಕೊಂಡು ತನ್ನ ಹಾರ್ನ್ ತಂದಳು. ಊಟದ ಮೇಜಿನ ಬಳಿಯೇ ಇಬ್ಬರೂ ಅಕ್ಕಪಕ್ಕ ಕೂತರು. ಅಪ್ಪ ಯಾವಾಗ ಶುರು ಮಾಡುತ್ತಾರೋ ಎಂದು ಅವಳು ಎಂದಿನಂತೆ ಅವರ ಮುಖ ನೋಡಿದಳು. ಮೇಷ್ಟ್ರು ಹಾರ್ನ್ ತುಟಿಗಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಮೊದಲ ಕುರ್ಚಿಯವರು ಉಸಿರೆಳೆದುಕೊಂಡ ಮೇಲೆಯೇ ಎರಡನೆಯವರು ಎಳೆದುಕೊಳ್ಳಬೇಕು... ಅದು ಅವಳಿಗೆ ಹೊಳೆಯುವವರೆಗೂ ಅವರು ಕಾದರು.