ಮಂಗಳವಾರದ ಹೊಲಿಗೆ

"ಅಯ್ಯೋ, ನನ್ನ ಕಾಲು!"

ಪರದೆಯ ಹಿಂದಿನಿಂದ ಬಂದ ಕೂಗಿಗೆ ಪಿನ್ನಿ ಬೆಚ್ಚಿಬಿದ್ದಳು. ಶಾಲೆಯಿಂದ ಬಂದವಳೇ, ದಿನವೂ ಮಾಡುವ ಹಾಗೆ, ಬ್ಯಾಗನ್ನು ಪರದೆಯ ಕೆಳಗಿನಿಂದ ಒಳಕ್ಕೆ ಜಾರಿಸಿದ್ದಳು. ಅಲ್ಲಿ ಯಾರ ಕಾಲೂ ಇರಬಾರದಿತ್ತು. ಅದು ಅವಳ ಜಾಗ.

ಅಮ್ಮನ ಟೈಲರ್ ಅಂಗಡಿಯ ಮೂಲೆಯಲ್ಲಿ ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆ ಅದು. ಮುಂದೆ ದಪ್ಪ ನೀಲಿ ಪರದೆ, ಒಳಗೆ ಉದ್ದ ಕನ್ನಡಿ, ಒಂದು ಸ್ಟೂಲು. ಗಿರಾಕಿಗಳು ಇಲ್ಲದಾಗ ಪಿನ್ನಿ ಅಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಲೆಕ್ಕ ತಪ್ಪಿದರೆ ಕನ್ನಡಿಯೊಳಗಿನ ಹುಡುಗಿಗೆ ಚೆನ್ನಾಗಿ ಬೈಯುತ್ತಿದ್ದಳು.

ಇವತ್ತು ಆ ಸ್ಟೂಲಿನ ಮೇಲೆ ದಪ್ಪ ಕನ್ನಡಕದ ಹೆಂಗಸೊಬ್ಬರು ಕೂತು ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದರು.

"ನೀನೇನಾ ಪಿನ್ನಿ? ಬ್ಯಾಗಲ್ಲಿ ಪುಸ್ತಕ ಇಡ್ತೀಯೋ, ಇಟ್ಟಿಗೆ ಇಡ್ತೀಯೋ?"

ನೆಲಕ್ಕೆ ಬಿದ್ದ ಗುಂಡುಪಿನ್ನುಗಳನ್ನು ಅಯಸ್ಕಾಂತದಿಂದ ಹೆಕ್ಕುವ ಕೆಲಸ ಅವಳದು. ಅದಕ್ಕೇ ಎದುರಿನ ದಿನಸಿ ಅಂಗಡಿಯ ಮಾಮ ಅವಳಿಗೆ ಆ ಹೆಸರಿಟ್ಟಿದ್ದರು.

"ಇವರು ವೆಲ್‌ಫೇರ್ ಆಫೀಸಿನವರು ಕಣೇ," ಅಮ್ಮ ಮೆಷಿನ್ ನಿಲ್ಲಿಸದೆ ಹೇಳಿದಳು. "ಇನ್ಮೇಲೆ ಪ್ರತಿ ಮಂಗಳವಾರ ಸಂಜೆ ಇಲ್ಲೇ ಕೂತ್ಕೋತಾರೆ. ನೀನು ಹೊರಗಿನ ಬೆಂಚಲ್ಲಿ ಕೂತು ಓದು."

"ಅವರಿಗೆ ಅವರದ್ದೇ ಆಫೀಸ್ ಇಲ್ವಾ?"

"ಇದೆ," ಎಂದು ಆಂಟಿಯೇ ನಕ್ಕರು. "ದೊಡ್ಡದು. ಕುರ್ಚಿಗಳೂ ಇವೆ, ಫ್ಯಾನ್‌ಗಳೂ ಇವೆ. ಜನ ಮಾತ್ರ ಇಲ್ಲ."

ಪಿನ್ನಿ ಮುಖ ಊದಿಸಿಕೊಂಡು ಬೆಂಚಿಗೆ ಹೋದಳು. ಜನವೇ ಇಲ್ಲದ ಆಫೀಸು ಬಿಟ್ಟು, ಜನ ತುಂಬಿದ ಅಂಗಡಿಗೆ ಬಂದು ತನ್ನ ಸ್ಟೂಲಿನ ಮೇಲೇ ಕೂರಬೇಕಿತ್ತೆ?

ಆಮೇಲಿನ ಮಂಗಳವಾರಗಳಲ್ಲಿ ಆಫೀಸ್ ಆಂಟಿ ತಪ್ಪದೆ ಬಂದರು. ಜನರೂ ಬಂದರು. ಒಬ್ಬರ ಕೈಯಲ್ಲಿ ಗುಂಡಿ ಕಿತ್ತ ಅಂಗಿ, ಇನ್ನೊಬ್ಬರ ಕೈಯಲ್ಲಿ ಉದ್ದವಾದ ಪ್ಯಾಂಟು. ಪರದೆಯ ಹಿಂದೆ ಹೋದವರು ಬೇಗ ಹೊರಗೆ ಬರುತ್ತಿರಲಿಲ್ಲ. ಅಂಗಿ ಹಾಕಿ ನೋಡೋಕೆ ಇಷ್ಟು ಹೊತ್ತು ಬೇಕೇ? ಪಿನ್ನಿ ದಡ್ಡಿಯಲ್ಲ. ಒಬ್ಬರಿಗೆ ಮನೆ ಬಾಡಿಗೆಗೆ ಸಹಾಯ ಸಿಕ್ಕಿತು, ಇನ್ನೊಬ್ಬರಿಗೆ ಔಷಧಿ, ಮತ್ತೊಬ್ಬರಿಗೆ ಕೆಲಸ. ಅಷ್ಟನ್ನು ಅವಳು ತಿಳಿದುಕೊಂಡಿದ್ದಳು.

ಆಗಾಗ ಕ್ಲಿನಿಕ್ಕಿನ ನರ್ಸ್ ಬಂದು ಆಂಟಿಯ ಕಿವಿಯಲ್ಲಿ ಏನೋ ಹೇಳಿ ಹೋಗುತ್ತಿದ್ದರು. ಶಾಲೆಯ ಹೆಡ್‌ಮಿಸ್ ಕೂಡ ಬರುತ್ತಿದ್ದರು. ಪ್ರತಿ ಸಲವೂ ಅದೇ ಬೂದು ಕೋಟು ತರುತ್ತಿದ್ದರು.

"ಈ ಕೋಟಿಗೆ ಇನ್ನೆಷ್ಟು ಸಲ ಹೊಲಿಗೆ ಹಾಕಿಸ್ತೀರಾ ಮೇಡಂ?" ಎಂದು ದಿನಸಿ ಮಾಮ ಬೀದಿಯ ಆಚೆಯಿಂದಲೇ ಕೇಳಿದರೆ, "ನಿಮ್ಮ ತಕ್ಕಡಿ ಸರಿಯಾಗೋವರೆಗೂ!" ಎಂದು ಹೆಡ್‌ಮಿಸ್ ತಿರುಗಿ ಹೇಳುತ್ತಿದ್ದರು.

ಒಂದು ಗುರುವಾರ ಶಾಲೆಯ ಮೈದಾನದಲ್ಲಿ ಥ್ರೋಬಾಲ್ ಪ್ರಾಕ್ಟೀಸ್ ನಡೆದಿತ್ತು. ಪಿನ್ನಿಯ ಬೆಂಚಿನ ಗೆಳತಿಯೇ ಟೀಮಿನ ಕ್ಯಾಪ್ಟನ್. ಮನೆಯಲ್ಲಿ ಇಟ್ಟ ಹೆಸರನ್ನು ಎಲ್ಲರೂ ಮರೆತು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಅವಳು ಒಮ್ಮೆ "ಬಾಲ್!" ಎಂದರೆ ಕಾಂಪೌಂಡ್ ಗೋಡೆಯ ಮೇಲಿನ ಕಾಗೆ ಹಾರಿಹೋಗುತ್ತಿತ್ತು. ಆದರೆ ಇವತ್ತು ಅವಳು ಆಡದೆ ಗೋಡೆಗೆ ಒರಗಿ ಕೂತಿದ್ದಳು.

"ಯಾಕೇ, ಕಾಲು ನೋವಾ?" ಪಿನ್ನಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಇಲ್ಲ. ನಾನಿಲ್ಲದೇ ಆಡೋದನ್ನ ನೀವು ಕಲೀಬೇಕು."

"ಏನು ಹಾಗಂದ್ರೆ?"

ಕ್ಯಾಪ್ಟನ್ ಶೂವಿನ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ತುಂಬಾ ಮೆಲ್ಲಗೆ ಹೇಳಿದಳು. "ಅಪ್ಪನ ಫ್ಯಾಕ್ಟರಿ ಮುಚ್ಚಿಬಿಟ್ರು. ಮನೆ ಬಾಡಿಗೆ ಕಟ್ಟೋಕೆ ಆಗ್ತಿಲ್ಲ. ಮುಂದಿನ ತಿಂಗಳು ಮಾವನ ಊರಿಗೆ ಹೋಗ್ತೀವಿ. ಶಾಲೇನೂ ಅಲ್ಲೇ."

ಪಿನ್ನಿಗೆ ಮರುಕ್ಷಣವೇ ಉತ್ತರ ಹೊಳೆಯಿತು. ಖುಷಿಯಲ್ಲಿ ಎದ್ದು ನಿಂತೇಬಿಟ್ಟಳು.

"ಅಷ್ಟೇನಾ! ನಮ್ಮ ಅಂಗಡಿಗೆ ಬಾರೇ! ಆಫೀಸ್ ಆಂಟಿ ಇದಾರೆ. ಬಾಡಿಗೆ ಕಟ್ಟೋಕೆ ಆಗ್ದಿರೋ ಬಡವರಿಗೆಲ್ಲ ಅವರು ಸಹಾಯ ಮಾಡ್ತಾರೆ!"

ಮೈದಾನದಲ್ಲಿ ಬಾಲು ಉರುಳುತ್ತಾ ಹೋಯಿತು. ಯಾರೂ ಅದನ್ನು ಹಿಡಿಯಲಿಲ್ಲ. ಎಲ್ಲ ಹುಡುಗಿಯರೂ ಕ್ಯಾಪ್ಟನ್ ಕಡೆ ನೋಡುತ್ತಿದ್ದರು.

ಕ್ಯಾಪ್ಟನ್ ಎದ್ದು ಸ್ಕರ್ಟಿನ ಧೂಳು ಕೊಡವಿದಳು. ಕಿವಿ ಕೆಂಪಾಗಿತ್ತು.

"ಯಾರೇ ಬಡವರು? ನಿನ್ನ ಪಿನ್ನು ನೀನು ಹೆಕ್ಕು, ಹೋಗು."

ಮರುದಿನ ಅವಳು ಬೇರೆ ಬೆಂಚಿನಲ್ಲಿ ಕೂತಿದ್ದಳು. ತಾನು ಏನು ತಪ್ಪು ಮಾಡಿದೆನೆಂದು ಪಿನ್ನಿಗೆ ತಿಳಿಯಲಿಲ್ಲ. ಒಳ್ಳೆಯದನ್ನೇ ಹೇಳಿದ್ದಳಲ್ಲ? ಸುಳ್ಳು ಹೇಳಿರಲಿಲ್ಲವಲ್ಲ? ಪಕ್ಕದ ಖಾಲಿ ಜಾಗದಲ್ಲಿ ಬ್ಯಾಗಿಟ್ಟಳು. ಬ್ಯಾಗು ಮಾತಾಡಲಿಲ್ಲ.

ಮಂಗಳವಾರ ಬಂತು. ಪರದೆಯ ಹಿಂದೆ ವಾಚ್‌ಮನ್ ತಾತ ಹೋಗಿದ್ದರು. ಬೆಂಚಿನ ಮೇಲೆ ಇನ್ನಿಬ್ಬರು ಕಾಯುತ್ತಿದ್ದರು. ಅಮ್ಮನ ಕರೆಂಟ್ ಮೆಷಿನ್ ಒಂದೇ ಸಮನೆ ಗರ್ರೆನ್ನುತ್ತಿತ್ತು. ಪಿನ್ನಿ ಕತ್ತರಿ ಕೇಳಲು ಮೆಷಿನ್ ಹತ್ತಿರ ಹೋದಳು.

ಸೂಜಿಯ ಕೆಳಗೆ ಅಂಗಿಯೂ ಇರಲಿಲ್ಲ, ಪ್ಯಾಂಟೂ ಇರಲಿಲ್ಲ. ಒಂದು ಹಳೇ ಚಿಂದಿ ಬಟ್ಟೆ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಿತ್ತು. ಅದರ ತುಂಬಾ ಸಾಲು ಸಾಲು ತೂತು. ಸೂಜಿಯಲ್ಲಿ ದಾರವೇ ಇರಲಿಲ್ಲ!

"ಅಮ್ಮಾ, ದಾ—"

ಅಮ್ಮ ಕಣ್ಣಲ್ಲೇ ತಡೆದಳು. ಕಾಲು ಮಾತ್ರ ಪೆಡಲಿನ ಮೇಲೇ ಇತ್ತು. ತಾತ ಮೂಗೊರೆಸಿಕೊಳ್ಳುತ್ತಾ ಹೊರಗೆ ಬಂದ ಮೇಲೆ ಮೆಷಿನ್ ನಿಂತಿತು. ಆಗ ಅಮ್ಮ ಸೂಜಿಗೆ ದಾರ ಪೋಣಿಸಿ, ನಿಜವಾದ ಅಂಗಿಯೊಂದನ್ನು ಎತ್ತಿಕೊಂಡಳು.

ಅಂಗಡಿ ಮುಚ್ಚುವ ಹೊತ್ತಿಗೆ ಪಿನ್ನಿ ಕೇಳಿದಳು. "ಸುಮ್ಮನೆ ಯಾಕಮ್ಮ ಮೆಷಿನ್ ಓಡಿಸ್ತಿದ್ದೆ?"

"ಸದ್ದಾಗ್ಲಿ ಅಂತ."

"ಸದ್ದು ಯಾಕೆ?"

ಅಮ್ಮ ಕೈಯಲ್ಲಿದ್ದ ಬಟ್ಟೆ ಮಡಿಸಿ ಮುಗಿಸಿದಳು. "ಆಂಟಿ ಆಫೀಸಿನ ಕಿಟಕಿ ಬಸ್ ಸ್ಟ್ಯಾಂಡಿಗೆ ನೇರ ಕಾಣುತ್ತೆ. ಅಲ್ಲಿ ಕ್ಯೂ ನಿಂತ್ರೆ ಊರಿಗೆಲ್ಲ ಗೊತ್ತಾಗುತ್ತೆ. ಅದಕ್ಕೇ ಯಾರೂ ಹೋಗ್ತಿರ್ಲಿಲ್ಲ. ಟೈಲರ್ ಹತ್ರ ಯಾರು ಬಂದ್ರೂ ಯಾಕೆ ಬಂದೆ ಅಂತ ಯಾರು ಕೇಳ್ತಾರೆ, ಹೇಳು. ಆದ್ರೂ ಹೊರಗೆ ಕೂತೋರ ಕಿವಿಗೆ ಪರದೆ ಹಾಕೋಕೆ ಆಗಲ್ವಲ್ಲ."

ಪಿನ್ನಿ ಅಯಸ್ಕಾಂತವನ್ನು ನೆಲದ ಮೇಲೆ ಆಡಿಸುತ್ತಾ ಕೂತಳು. ಒಂದೂ ಪಿನ್ನು ಸಿಗಲಿಲ್ಲ. ಮೈದಾನ ಕಣ್ಮುಂದೆ ಬಂತು. ಉರುಳಿಹೋದ ಬಾಲು. ಕೆಂಪಾದ ಕಿವಿ.

"ಅಮ್ಮಾ, ನಾನೊಂದು ಕೆಲಸ ಮಾಡಿಬಿಟ್ಟೆ," ಎಂದು ಎಲ್ಲವನ್ನೂ ಹೇಳಿದಳು. ಅಮ್ಮ ಕೇಳಿಸಿಕೊಂಡಳು.

"ಬೈಯಮ್ಮಾ."

"ಬೈದ್ರೆ ಆಡಿದ ಮಾತು ವಾಪಸ್ ಬರುತ್ತಾ?"

ಅಮ್ಮ ಚಪ್ಪಲಿ ಮೆಟ್ಟಿ ಬೀದಿ ದಾಟಿದಳು. ಪಿನ್ನಿ ಬಾಗಿಲಲ್ಲೇ ನಿಂತು ನೋಡಿದಳು. ದಿನಸಿ ಮಾಮ ಗಿರಾಕಿಗೆ ಬೇಳೆ ತೂಗುತ್ತಲೇ ಅಮ್ಮನ ಮಾತು ಕೇಳಿದರು. ನಕ್ಕು ಒಮ್ಮೆ ತಲೆಯಾಡಿಸಿದರು. ಮಾರನೆಯ ಬೆಳಗ್ಗೆ ಹೆಡ್‌ಮಿಸ್ ಮತ್ತೆ ಬೂದು ಕೋಟು ಹಿಡಿದು ಬಂದರು. ಅಮ್ಮನ ಜೊತೆ ಪಿಸುಮಾತಾಡಿ, ಕೋಟು ಅಲ್ಲೇ ಮರೆತು ಹೋದರು.

ಮುಂದಿನ ಮಂಗಳವಾರ ಕ್ಯಾಪ್ಟನ್‌ಳ ಅಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಗಂಡಸರ ಅಂಗಿ. ಹಿಂದೆ ಕ್ಯಾಪ್ಟನ್.

"ದಿನಸಿ ಅಂಗಡಿಯವರು ಹೇಳಿದ್ರು. ಸವೆದ ಕಾಲರ್ ತಿರುಗಿಸಿ ಹೊಲಿತೀರಂತೆ?"

"ಹೊಲಿತೀನಿ. ಒಳಗೆ ಬನ್ನಿ, ಬೆಳಕಲ್ಲಿ ನೋಡೋಣ," ಎಂದು ಅಮ್ಮ ಪರದೆ ಸರಿಸಿದಳು. ಒಳಗೆ ಆಫೀಸ್ ಆಂಟಿ ಕೂತಿದ್ದರು.

ಕ್ಯಾಪ್ಟನ್ ಬೆಂಚಿನ ಆ ತುದಿಯಲ್ಲಿ ಕೂತಳು. ಈ ತುದಿಯಲ್ಲಿ ಪಿನ್ನಿ. ನಡುವೆ ದಿಂಬಿನ ಕವರುಗಳ ಗಂಟು ಇಟ್ಟುಕೊಂಡ ಅಜ್ಜಿ. ಕ್ಯಾಪ್ಟನ್ ಬೀದಿ ನೋಡುತ್ತಿದ್ದಳು, ಪಿನ್ನಿ ಸೈನ್ಸ್ ಪುಸ್ತಕ ನೋಡುತ್ತಿದ್ದಳು. ಅಮ್ಮ ಮೆಷಿನ್ ಮುಂದೆ ಕೂತಳು. ಗರ್ರ್... ಗರ್ರ್...

ಇದ್ದಕ್ಕಿದ್ದಂತೆ ಲೈಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಮೆಷಿನ್ ಒಂದು ಉಸಿರು ಬಿಟ್ಟು ಸುಮ್ಮನಾಯಿತು.

ಅಂಗಡಿಯಲ್ಲಿ ಅಷ್ಟು ಮೌನ ಎಂದೂ ಇದ್ದದ್ದಿಲ್ಲ. ಅಜ್ಜಿಯ ಉಸಿರು ಕೇಳುತ್ತಿತ್ತು. ಪರದೆಯ ಹಿಂದೆ ಒಡೆದ ದನಿಯೊಂದು ಕೇಳುತ್ತಿತ್ತು.

"...ಮಗಳ ಮುಂದೆ ಅಳೋಕಾಗಲ್ಲ ಮೇಡಂ, ಆದ್ರೆ..."

ಆ ದನಿಯೂ ತಟ್ಟನೆ ನಿಂತಿತು.

ಅಜ್ಜಿ ಪರದೆಯ ಕಡೆ ತಲೆ ವಾಲಿಸಿದರು. ಕ್ಯಾಪ್ಟನ್ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳ ಕಿವಿ ಮತ್ತೆ ಕೆಂಪಾಗುತ್ತಿತ್ತು. ಅಮ್ಮ ನಿಂತುಹೋದ ಮೆಷಿನ್ ಮೇಲೆ ಕೈಯಿಟ್ಟು ಕೂತಿದ್ದಳು.

ಪಿನ್ನಿ ಪುಸ್ತಕ ಎತ್ತಿ ಮೂಗಿನ ಮುಂದೆ ಹಿಡಿದಳು.

"ಪಾಠ ಆರು! ಎರೆಹುಳು!" ಎಂದು ಗಂಟಲು ಹರಿಯುವಂತೆ ಓದತೊಡಗಿದಳು. "ಎರೆಹುಳುವಿನ ದೇಹವು ಉಂಗುರಗಳಿಂದ ಕೂಡಿದೆ! ಎರೆಹುಳುವಿಗೆ ಕಣ್ಣುಗಳಿಲ್ಲ! ಕಿವಿಗಳಿಲ್ಲ!"

"ಎರೆಹುಳಕ್ಕೆ ಕಿವಿ ಇಲ್ದಿದ್ರೂ ನನಗಿದೆ ಕಣೇ ತಾಯಿ!" ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು. "ಮೆಲ್ಲಗೆ ಓದು!"

"ನಾಳೆ ಟೆಸ್ಟ್ ಇದೆ ಅಜ್ಜಿ. ಓದ್ಕೊಳ್ಳಿ ಬಿಡಿ," ಎಂದಳು ಅಮ್ಮ.

ನಾಳೆ ಯಾವ ಟೆಸ್ಟೂ ಇರಲಿಲ್ಲ. ಅಮ್ಮ ಸುಳ್ಳು ಹೇಳಿದ್ದನ್ನು ಪಿನ್ನಿ ಇದುವರೆಗೆ ಕೇಳಿರಲಿಲ್ಲ. ಇನ್ನಷ್ಟು ಜೋರಾಗಿ ಓದಿದಳು. ಎರೆಹುಳು ಮಣ್ಣು ತಿಂದಿತು, ಮಣ್ಣು ಸಡಿಲ ಮಾಡಿತು. ಓದಿ ಓದಿ ಪಿನ್ನಿಯ ದನಿ ಕರಕರ ಎನ್ನತೊಡಗಿತು.

"ಒಂದು ಸಾಲು ಬಿಟ್ಟೆ."

ಪಿನ್ನಿ ತಿರುಗಿದಳು. ಕ್ಯಾಪ್ಟನ್ ಅಜ್ಜಿಯನ್ನು ದಾಟಿ ಬಂದು ಪಕ್ಕದಲ್ಲೇ ನಿಂತಿದ್ದಳು. ಪುಸ್ತಕದ ಮೇಲೆ ಬೆರಳಿಟ್ಟಳು.

"ಇಲ್ಲಿ. 'ಎರೆಹುಳು ಚರ್ಮದ ಮೂಲಕ ಉಸಿರಾಡುತ್ತದೆ.'"

"ಮೆಲ್ಲಗೆ ಓದಿದ್ರೆ ಟೆಸ್ಟಲ್ಲಿ ನೆನಪಿರಲ್ಲ," ಎಂದಳು ಪಿನ್ನಿ.

ಕ್ಯಾಪ್ಟನ್ ಅವಳನ್ನೇ ನೋಡಿದಳು. ಆಮೇಲೆ ಉಸಿರು ಎಳೆದುಕೊಂಡಳು.

"ಎರೆಹುಳು ಚರ್ಮದ ಮೂಲಕ ಉಸಿರಾಡುತ್ತದೆ!"

ಎದುರು ಅಂಗಡಿಯ ದಿನಸಿ ಮಾಮ ತಕ್ಕಡಿ ಬಿಟ್ಟು ಇಣುಕಿದರು. ಅಜ್ಜಿ "ರಾಮ ರಾಮಾ" ಎಂದು ಗಂಟೆತ್ತಿಕೊಂಡು ಮೆಟ್ಟಿಲಿಗೆ ಹೋಗಿ ಕೂತರು. ಇಬ್ಬರೂ ಬೆಂಚಿನಲ್ಲಿ ಒತ್ತಿಕೊಂಡು ಕೂತು, ಒಂದೇ ಪುಸ್ತಕ ಹಿಡಿದು ಕಿರುಚುತ್ತಾ ಓದಿದರು. ಪರದೆಯ ಹಿಂದೆ ಮಾತು ಮತ್ತೆ ಶುರುವಾಗಿತ್ತು. ಮಾತು ನಡೆದಿದೆ ಎಂಬುದಷ್ಟೇ ಪಿನ್ನಿಗೆ ಗೊತ್ತಾಗುತ್ತಿತ್ತು. ಏನೆಂದು ಕೇಳುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು.

ಪಾಠದ ಕೊನೆಯ ಪ್ರಶ್ನೆಗಳೂ ಮುಗಿಯುವ ಹೊತ್ತಿಗೆ ಪರದೆ ಸರಿಯಿತು. ಕ್ಯಾಪ್ಟನ್‌ಳ ಅಮ್ಮ ಹೊರಗೆ ಬಂದರು. ಮುಖ ತೊಳೆದವರ ಹಾಗೆ ಕಾಣುತ್ತಿದ್ದರು. ಅಂಗಿಯನ್ನು ಅಮ್ಮನ ಕೈಗೆ ಕೊಟ್ಟರು.

"ಕಾಲರ್ ನಿಧಾನಕ್ಕೆ ಹೊಲೀರಿ. ಅವಸರ ಏನಿಲ್ಲ. ಮುಂದಿನ ತಿಂಗಳೂ ನಾವು ಇಲ್ಲೇ ಇರ್ತೀವಿ."

ಪಿನ್ನಿಯ ಗಂಟಲಿಗೆ ದೊಡ್ಡದೊಂದು ಕೂಗು ಬಂದು ನಿಂತಿತು. ಎದ್ದು ಕುಣಿಯಬೇಕೆನಿಸಿತು. ಕ್ಯಾಪ್ಟನ್ ಪುಸ್ತಕದ ಮೇಲಿಂದ ಕಣ್ಣು ಎತ್ತಿರಲಿಲ್ಲ. ಆದರೆ ಬೆಂಚಿನ ಮೇಲಿದ್ದ ಅವಳ ಕೈ ಮೆಲ್ಲಗೆ ಸಡಿಲವಾಗಿತ್ತು.

ಪಿನ್ನಿ ಕೂಗನ್ನು ನುಂಗಿಕೊಂಡಳು. ಪುಟ ತಿರುಗಿಸಿದಳು.

"ಪಾಠ ಏಳು ಓದೋಣ್ವಾ?" ಎಂದು ಮೆಲ್ಲಗೆ ಕೇಳಿದಳು.