ಬಿಳಿ ಐದರ ಶ್ರುತಿ

ಒಂದು ಕೀಬೋರ್ಡ್ ಆರಿಸಲು ಇಷ್ಟು ಹೊತ್ತು ಬೇಕೇ? ಅಷ್ಟರಲ್ಲಿ ನಾನು ಯಲ್ಲಾಪುರಕ್ಕೆ ಹೋಗಿ ವಾಪಸ್ ಬರುತ್ತಿದ್ದೆ!

2001ರ ಮಾತು. ಶಿರಸಿಯ ಸುಭಾನ್ ಸಾಹೇಬರ ಅಂಗಡಿ. ಟೇಪ್‌ರೆಕಾರ್ಡರು, ಸ್ಪೀಕರುಗಳ ನಡುವೆ ಎರಡೇ ಎರಡು ಕೀಬೋರ್ಡ್. ನಂದನ ಒಮ್ಮೆ ಇದರ ಮುಂದೆ ಕೂರುತ್ತಿದ್ದ, ಒಮ್ಮೆ ಅದರ ಮುಂದೆ. ಇಸಳೂರಿನ ಹುಡುಗ, ಡಿಟಿಪಿ ಸೆಂಟರಿನಲ್ಲಿ ಕೆಲಸ. ಮದುವೆ ರಿಸೆಪ್ಶನ್‌ಗಳಲ್ಲಿ ನಾನು ಹಾಡುತ್ತಿದ್ದೆ, ಅವನು ಬಾಡಿಗೆ ಕೀಬೋರ್ಡ್ ನುಡಿಸುತ್ತಿದ್ದ. ಈಗ ಸ್ವಂತದ್ದು ಬೇಕು, ಡ್ರಮ್ಸು, ಗಿಟಾರು ಎಲ್ಲ ಸೇರಿಸಿ ತನ್ನದೇ ಹೊಸ ನಮೂನೆಯ ಹಾಡು ಕಟ್ಟಬೇಕು ಎಂಬ ಹುಚ್ಚು.

ನನ್ನ ಸಂಕಟವೇ ಬೇರೆ. ಹುಬ್ಬಳ್ಳಿಯ ಆರ್ಕೆಸ್ಟ್ರಾದವರು ಅವನನ್ನು ಕರೆದಿದ್ದರು. ಅಲ್ಲಿಯ ಹಾಡುಗಾರ್ತಿಯನ್ನು ಅವನು ನನ್ನೆದುರೇ ಹೊಗಳಿದ್ದ. ಇವನು ಹೋಗಿಬಿಟ್ಟರೆ ನನ್ನ ಗತಿಯೇನು? ಇವನೆಂದರೆ ನನಗೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವುದೊಂದು ಬಿಟ್ಟು ಬೇರೆಲ್ಲದಕ್ಕೂ ಜಗಳ ತೆಗೆಯುತ್ತಿದ್ದೆ.

"ಈ ಹೊಸದು ತಗೋರಿ," ಎಂದರು ಸಾಹೇಬರು. "ನೂರು ರಿದಮ್ ಅದಾವ. ಲೈಟೂ ಹತ್ತತೈತಿ."

"ಕೀ ಸಣ್ಣ ಆತು ಸಾಹೇಬ್ರೆ. ಬೆರಳು ಹಿಡೀತಿಲ್ಲೆ," ಎಂದು ನಂದನ ಮತ್ತೆ ಆ ಹಳೇ ಸೆಕೆಂಡ್‌ಹ್ಯಾಂಡ್ ಕೀಬೋರ್ಡಿಗೇ ಮರಳಿದ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುತ್ತಿತ್ತು ಅದು. ಅವನ ಮುಖ ಅರಳಿತು. ಆ ಮುಖ ನೋಡಿ ನನಗೂ ಒಳಗೊಳಗೇ ಖುಷಿ, ಅದನ್ನು ತೋರಿಸಿಕೊಳ್ಳಲಾರದ ಉರಿ.

ಆಗಲೇ ಗಮನಿಸಿದೆ. ನಾವು ರಿಸೆಪ್ಶನ್‌ಗಳಲ್ಲಿ ಹೇಳುವ ಸಿನಿಮಾ ಹಾಡನ್ನೇ ನುಡಿಸುತ್ತಿದ್ದ, ಆದರೆ ನನ್ನ ಶ್ರುತಿಯಲ್ಲಿ ಅಲ್ಲ. ನಾನು ಹಾಡುವುದು ಕಪ್ಪು ಐದರಲ್ಲಿ, ಅಂದರೆ ಐದನೇ ಕಪ್ಪು ಕೀಯ ಶ್ರುತಿಯಲ್ಲಿ. ಸಿನಿಮಾದವರು ಹಾಡಿದ ಎತ್ತರದಲ್ಲೇ ಹಾಡಬೇಕೆಂಬುದು ನನ್ನ ಹಟ. ಅವನು ಅದಕ್ಕಿಂತ ಕೆಳಗೆ, ಬಿಳಿ ಐದರಲ್ಲಿ ನುಡಿಸುತ್ತಿದ್ದ. ಅದು ಹುಬ್ಬಳ್ಳಿಯವಳ ಶ್ರುತಿ! ಅವಳನ್ನು ಹೊಗಳುವಾಗ ಅವನೇ ಹೇಳಿದ್ದ.

ಪಿತ್ತ ನೆತ್ತಿಗೇರಿತು.

"ಅದ್ರ ಶ್ರುತಿಗೆ ಕೀಬೋರ್ಡ್ ನೋಡಲೆ ನನ್ನ ಎಂತಕ್ಕೆ ಕರ್ದೆ? ಅದನ್ನೇ ಕರ್ಕಂಡು ಬಪ್ಪಲಾಗಿತ್ತು!"

"ಯಾರ ಶ್ರುತಿ?"

"ಆ ಹುಬ್ಬಳ್ಳಿ ಕೂಸಿಂದು, ನೀನು ಹೊಗಳಿದ ಹಾಡುಗಾರ್ತಿದು!"

ನಂದನ ಕತ್ತೆತ್ತಿ ನನ್ನನ್ನೇ ನೋಡಿದ. ನಗು ಬಂದರೂ ನಗಲಿಲ್ಲ.

"ವೇಣಿ, ಹಾಡು."

"ಆನು ಹಾಡ್ತಿಲ್ಲೆ."

"ಬೈಯ್ಯದು ಆಮೇಲೆ. ಮೊದ್ಲು ಹಾಡು ಮಾರಾಯ್ತಿ."

ಸಿಟ್ಟಿನಲ್ಲೇ ಶುರುಮಾಡಿದೆ. ಪಲ್ಲವಿ ಮುಗಿಯಿತು. ಚರಣದಲ್ಲಿ ಮೇಲಿನ ಸ್ವರ ಬರುತ್ತದೆ. ಪ್ರತಿ ಸಲ ಅಲ್ಲಿ ಉಸಿರು ಬಿಗಿಹಿಡಿದು ಕತ್ತು ಚಾಚುತ್ತಿದ್ದೆ. ಅಂದು ಅದು ತಾನಾಗಿ ಬಂತು. ಬಂದು ನಿಂತಿತು. ನನ್ನ ದನಿ ಇಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ನನ್ನ ದನಿ ಇಳಿದಲ್ಲಿ ಅವನ ಬೆರಳೂ ಹಗುರಾಗಿ, ಕೀಬೋರ್ಡೂ ಮೆತ್ತಗಾಯಿತು.

"ವಾಹ್ ಅಕ್ಕಾರ!" ಎಂದರು ಸುಭಾನ್ ಸಾಹೇಬರು.

"ಇದು ನಿನ್ನ ಶ್ರುತಿ," ಎಂದ ನಂದನ. "ಕಪ್ಪು ಐದರಲ್ಲಿ ನಿನ್ನ ಗಂಟಲ ನರ ಉಬ್ತು. ಪಕ್ಕದಲ್ಲಿ ಕೂತು ನೋಡಲೆ ಆಗ್ತಿಲ್ಲೆ ನಂಗೆ."

"ಮೊದ್ಲೇ ಹೇಳಲೆ ಎಂತಾಗಿತ್ತು?"

"ಹೇಳಿದ್ರೆ ನೀನು ಸುಮ್ನೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಹುಬ್ಬಳ್ಳಿ?" ಎಂದೆ.

"ಬರ್ತಿಲ್ಲೆ ಹೇಳಿ ನಿನ್ನೆಯೇ ಫೋನ್ ಮಾಡ್ದೆ. ಅಲ್ಲಿ ನೀನಿಲ್ಲೆ ಅಲ್ದಾ?"

ಸಾಹೇಬರು ದೊಡ್ಡ ಮನಸ್ಸು ಮಾಡಿ, ರಟ್ಟಿನ ಡಬ್ಬ ಹುಡುಕುವ ನೆಪದಲ್ಲಿ ಒಳಗೆ ಹೋದರು. ನಂದನ ಕೀಬೋರ್ಡಿನ ಸ್ವಿಚ್ ಆಫ್ ಮಾಡಿದ. ಆನ್ ಮಾಡಿದ. ಮತ್ತೆ ಆಫ್ ಮಾಡಿದ. ಅವನ ಕಿವಿ ಕೆಂಪಾಗಿತ್ತು.

"ಇನ್ನೊಂದು ಕೇಳಕ್ಕಾಗಿತ್ತು. ಅದಕ್ಕೂ ಬೈತೆ ಹೇಳಿ ಹೆದ್ರಿಕೆ."

"ಬೈದ್ರೆ ಬೈಸ್ಕ. ಕೇಳು."

"ನನ್ನ ಮದ್ವೆ ಆಗ್ತ್ಯಾ?"

"ಆಗ್ತೆ! ಇಷ್ಟು ದಿನ ಎಂತಕ್ಕೆ ಕೇಳಿದ್ದಿಲ್ಲೆ? ಕಾದು ಕಾದು ಸಾಕಾತು ನಂಗೆ!"

ಹೀಗೆ ಬೈದೇಬಿಟ್ಟೆ. ಬೈಯುತ್ತ ಬೈಯುತ್ತಲೇ ಅತ್ತೆ.